ಬಡಿಸುವ ಕೈ

ಸೋಮವಾರ ಮಧ್ಯಾಹ್ನ ಶಾಲೆಯ ಗಂಟೆ ಹೊಡೆದು ಸಾಕಷ್ಟು ಹೊತ್ತಾದರೂ ಊಟದ ಹಾಲ್‌ನಲ್ಲಿ ಅರ್ಧದಷ್ಟು ಕುರ್ಚಿಗಳು ಖಾಲಿಯೇ ಇದ್ದವು. ಬಂದು ಕೂತವರೆಲ್ಲ ಕೆಳಕೇರಿಯ ಮಕ್ಕಳು, ಉಳಿದವರು ದೂರವೇ ಇಡುವ ರೋಮಾ ಜನಾಂಗದವರು. ಮೇಲೂರಿನ ಮಕ್ಕಳು ಹೊರಗೆ ಕಾಂಪೌಂಡ್ ಗೋಡೆಯ ಮೇಲೆ ಗುಬ್ಬಿಗಳ ಹಾಗೆ ಸಾಲಾಗಿ ಕೂತು, ಎದುರಿನ ದಿಮ್ಚೊನ ಗೂಡಂಗಡಿಯಿಂದ ತಂದ ವೇಫರ್, ಚಿಪ್ಸ್ ಪೊಟ್ಟಣ ಹರಿಯುತ್ತಿದ್ದರು.

ಫ್ಯಾಕ್ಟರಿಯ ಮಧ್ಯಾಹ್ನದ ಬಿಡುವಿನಲ್ಲಿ ಬಂದಿದ್ದ ವೆಸ್ಕಾ ಹಾಲ್‌ನ ಬಾಗಿಲಲ್ಲಿ ನಿಂತು ಆ ಸಾಲನ್ನು ನೋಡಿದಳು. ನಡುವೆ ತನ್ನ ಮಗಳು ರಾಯಾ ಕೂಡ ಕೂತಿದ್ದಳು, ಕೈಯಲ್ಲಿ ಕಿತ್ತಳೆ ಬಣ್ಣದ ಸೋಡಾ ಬಾಟಲಿ. ಅಮ್ಮನ ಕಣ್ಣು ಬಿದ್ದದ್ದೇ ತಡ, ಹುಡುಗಿ ಮುಖ ಬೇರೆ ಕಡೆ ತಿರುಗಿಸಿದಳು.

ಬಡಿಸುವ ಕಿಟಕಿಯ ಹಿಂದೆ ಫಿದಾಂಕಾ ಸೌಟು ಹಿಡಿದು ನಿಂತಿದ್ದಳು. ಎದುರಿನ ಹಂಡೆಯಲ್ಲಿ ಸಾರು ಆರುತ್ತಿತ್ತು. ಅವಳು ಖಾಲಿ ಕುರ್ಚಿಗಳನ್ನು ನೋಡಿ, ಸೌಟಿನಿಂದ ಸಾರನ್ನು ಒಮ್ಮೆ ಕಲಕಿದಳು.

ಸ್ಲಿವೊವ್ ದೋಲ್ ಎಂಬ ಆ ಪುಟ್ಟ ಊರಿನ ಶಾಲೆಯ ಅಡುಗೆಮನೆಗೆ ಬೀಗ ಬಿದ್ದು ವರ್ಷಗಳಾಗಿದ್ದವು. ಊಟ ಬರುತ್ತಿದ್ದದ್ದು ದೂರದ ಪಟ್ಟಣದಿಂದ, ಪ್ಲಾಸ್ಟಿಕ್ ತಟ್ಟೆಗಳಲ್ಲಿ ಮುಚ್ಚಿಕೊಂಡು. ಬರುವಷ್ಟರಲ್ಲಿ ತಣ್ಣಗಾಗಿ, ಮಾಂಸದ ತುಂಡು ಚಪ್ಪಲಿಯ ಅಟ್ಟೆಯ ಹಾಗಾಗಿರುತ್ತಿತ್ತು. ಕೈಯಲ್ಲಿ ಚಿಲ್ಲರೆ ಇದ್ದ ಮಕ್ಕಳು ಅದನ್ನು ಬುಟ್ಟಿಗೆ ಸುರಿದು ದಿಮ್ಚೊನ ಅಂಗಡಿಗೆ ಓಡುತ್ತಿದ್ದರು. ಇಲ್ಲದ ಮಕ್ಕಳು ಅದನ್ನೇ ನುಂಗಿ ಮನೆಗೆ ಹೋಗುತ್ತಿದ್ದರು. ಕೆಳಕೇರಿಯಲ್ಲಿ ಎಷ್ಟೋ ಮಕ್ಕಳಿಗೆ ದಿನಕ್ಕೆ ಅದೊಂದೇ ಊಟ.

ಹಿಂದಿನ ಶರತ್ಕಾಲದಲ್ಲಿ ಜಿಲ್ಲಾ ಆಸ್ಪತ್ರೆಯ ಡಾಕ್ಟರು ರಾಯಾಳ ರಕ್ತ ಪರೀಕ್ಷೆ ನೋಡಿ, "ಈ ವಯಸ್ಸಿಗೆ ಸಕ್ಕರೆ ಇಷ್ಟು ಇರಬಾರದಮ್ಮ, ಹುಡುಗಿ ಏನು ತಿನ್ತಾಳೆ?" ಅಂದಿದ್ದರು. ವೆಸ್ಕಾಳಿಗೆ ಉತ್ತರ ಹೇಳಲು ನಾಚಿಕೆಯಾಗಿತ್ತು. ಅವಳು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಶರ್ಟಿಗೆ ಕಾಲರು ಹೊಲಿಯುವವಳು. ಮಗಳು ಮಧ್ಯಾಹ್ನ ಏನು ತಿನ್ನುತ್ತಾಳೆಂದು ನೋಡಿದವಳೇ ಅಲ್ಲ. ಆಮೇಲೆ ನೋಡಿದಳು. ನೋಡಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಗೆಳತಿ ಕ್ರಾಸಿಯನ್ನು ಜೊತೆಗೆ ಕಟ್ಟಿಕೊಂಡು ಚಳಿಗಾಲವಿಡೀ ಮನೆಮನೆ ಸುತ್ತಿದಳು, ಮೇಲೂರನ್ನೂ ಸುತ್ತಿದಳು, ಕೆಳಕೇರಿಯನ್ನೂ ಸುತ್ತಿದಳು. ಕೊನೆಗೆ ಪುರಸಭೆ ಒಪ್ಪಿತು: ಮಾರ್ಚ್ ತಿಂಗಳು ನಡೆಸಿ ನೋಡಿ. ಒಂದು ಗುರುವಾರ ಅಧಿಕಾರಿ ಪೆಂಚೆವಾ ಬರುತ್ತಾರೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಉಣ್ಣುತ್ತಿದ್ದರೆ ಅಡುಗೆಮನೆ ಉಳಿಯುತ್ತದೆ. ಇಲ್ಲದಿದ್ದರೆ ಮತ್ತೆ ಪ್ಲಾಸ್ಟಿಕ್ ತಟ್ಟೆ.

ಅಡುಗೆಯವರು ಬೇಕೆಂದು ಚೀಟಿ ಅಂಟಿಸಿದಾಗ, ರೋಗವಿಲ್ಲವೆಂದು ಡಾಕ್ಟರು ಕೊಡುವ ಆರೋಗ್ಯ ಕಾರ್ಡು, ಕೆಲಸದ ಅನುಭವ ಎರಡೂ ಇಟ್ಟುಕೊಂಡು ಬಂದವಳು ಕೆಳಕೇರಿಯ ಫಿದಾಂಕಾ ಒಬ್ಬಳೇ. ಸ್ಪೇನ್ ದೇಶದ ಹೋಟೆಲೊಂದರಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿ, ತಾಯಿಗೆ ಹುಷಾರಿಲ್ಲವೆಂದು ಊರಿಗೆ ಮರಳಿದ್ದವಳು. ಮೊದಲ ಎರಡು ವಾರ ಕ್ರಾಸಿ ರಜೆ ಹಾಕಿ ಬಂದು ಕಿಟಕಿಯಲ್ಲಿ ನಿಂತು ಬಡಿಸಿದಳು. ಆಗ ಯಾರೂ ತಕರಾರು ತೆಗೆಯಲಿಲ್ಲ. ಫಿದಾಂಕಾ ಒಳಗೆ ಪಾತ್ರೆ ತಿಕ್ಕುವವಳು ಎಂದುಕೊಂಡಿದ್ದರು. ಕ್ರಾಸಿಯ ರಜೆ ಮುಗಿದು ಶುಕ್ರವಾರ ಫಿದಾಂಕಾ ತಾನೇ ಸೌಟು ಹಿಡಿದು ನಿಂತಳು ನೋಡಿ, ಅಂದೇ ಯಾರೋ ಫೋಟೋ ತೆಗೆದರು. ಶನಿವಾರ, ಭಾನುವಾರ ಆ ಫೋಟೋ ನೋಡಿ, ಕೆಳಕೇರಿಯವಳ ಕೈಯಿಂದ ನಮ್ಮ ಮಕ್ಕಳು ಉಣ್ಣಬೇಕಾ ಎಂದು ಪೋಷಕರ ಫೋನ್ ಗ್ರೂಪು ಹೊತ್ತಿ ಉರಿಯಿತು.

ಸೋಮವಾರ ಸಂಜೆ ಕ್ರಾಸಿ ಫ್ಯಾಕ್ಟರಿ ಗೇಟಿನ ಹತ್ತಿರ ಕಾದಿದ್ದಳು.

"ನೋಡು ವೆಸ್ಕಾ, ನಂಗೇನೂ ಬೇಜಾರಿಲ್ಲ," ಅಂದಳು. "ಆದ್ರೆ ಜನರನ್ನ ಒಂದೇ ದಿನದಲ್ಲಿ ತಿದ್ದೋಕಾಗುತ್ತಾ? ಈ ಗುರುವಾರ ಒಂದು ದಿನ ನಾನು ಕಿಟಕೀಲಿ ನಿಲ್ತೀನಿ. ಅವಳು ಒಳಗಿರ್ಲಿ. ಅಡುಗೆ ಅವಳದೇ ಅಲ್ವಾ? ಸಂಬಳಾನೂ ಅವಳಿಗೇ. ಆ ಪೆಂಚೆವಾ ಬಂದು ತಲೆ ಎಣಿಸಿ ಹೋಗ್ಲಿ, ಆಮೇಲೆ ನೋಡ್ಕೊಳ್ಳೋಣ."

"ಅವಳಿಗೆ ಯಾರು ಹೇಳ್ತಾರೆ?"

"ನಿನ್ನ ಮಾತು ಕೇಳ್ತಾಳೆ ಕಣೇ."

ವೆಸ್ಕಾಗೆ ಮನಸ್ಸಿಲ್ಲದಿದ್ದರೂ ಅವಳು ಶಾಲೆಯ ಅಡುಗೆಮನೆಗೆ ಹೋದಳು. ಮೂರು ತಿಂಗಳು ಚಳಿಯಲ್ಲಿ ಕಾಲು ಸವೆಸಿದ್ದು ಕಣ್ಣೆದುರು ಬಂತು, ಡಾಕ್ಟರ ಮುಖ ಬಂತು. ಒಂದೇ ಒಂದು ದಿನ ತಾನೇ ಅಂದುಕೊಂಡಳು.

ಫಿದಾಂಕಾ ಮೊಣಕೈವರೆಗೆ ತೋಳು ಮಡಚಿ ಹಂಡೆ ತಿಕ್ಕುತ್ತಿದ್ದಳು. ವೆಸ್ಕಾ ಹವಾಮಾನದ ಮಾತಾಡಿದಳು, ಬೀನ್ಸ್ ಕಾಳು ಚೆನ್ನಾಗಿ ಬೆಂದಿತ್ತು ಅಂದಳು.

"ನೇರ ಹೇಳು," ಅಂದಳು ಫಿದಾಂಕಾ. "ಸುತ್ತಿ ಬಳಸಿ ಮಾತಾಡೋಕೆ ನಿಂಗೆ ಬರಲ್ಲ."

"ಗುರುವಾರ ಮಟ್ಟಿಗೆ... ಕ್ರಾಸಿ ಬಡಿಸ್ತಾಳಂತೆ. ನೀನು ಸ್ವಲ್ಪ ಒಳಗೆ."

"ಒಳಗೆ ಅಂದ್ರೆ ಎಲ್ಲಿ? ಉಗ್ರಾಣದಲ್ಲಾ? ಆಲೂಗಡ್ಡೆ ಮೂಟೆ ಮೇಲೆ ಕೂತ್ಕೊಳ್ಲಾ?"

ಫಿದಾಂಕಾ ಹಂಡೆಯ ನೀರನ್ನು ಮೋರಿಗೆ ಸುರಿದಳು.

"ಸ್ಪೇನ್‌ನಲ್ಲಿ ಜರ್ಮನಿಯೋರು, ಇಂಗ್ಲೆಂಡಿನೋರು ಬೇಸಿಗೆಗಟ್ಟಲೆ ನನ್ನ ಕೈಯಡುಗೆ ಉಂಡು ಹೋದ್ರು," ಅಂದಳು ಫಿದಾಂಕಾ. ಧ್ವನಿ ಏರಲಿಲ್ಲ. "ಒಬ್ರೂ ಸತ್ತ ಸುದ್ದಿ ಬಂದಿಲ್ಲ. ಇಲ್ಲಿ ನನ್ನ ಮಗಳು ಅದೇ ಹಾಲ್‌ನಲ್ಲಿ ಕೂತು ಉಣ್ತಾಳೆ ವೆಸ್ಕಾ. ಮೊದಲನೇ ತುತ್ತಿಗೆ ಮುಂಚೆ ಕಿಟಕಿ ಕಡೆ ನೋಡ್ತಾಳೆ. ಗುರುವಾರ ಅಮ್ಮ ಎಲ್ಲಿ ಅಂತ ಕೇಳಿದ್ರೆ ಏನು ಹೇಳ್ಲಿ? ದೊಡ್ಡೋರು ಬರ್ತಾರೆ, ಅದಕ್ಕೇ ಅಮ್ಮನ್ನ ಬಚ್ಚಿಟ್ಟಿದ್ದಾರೆ ಅಂತ ಹೇಳ್ಲಾ?"

ಒದ್ದೆ ಕೈ ಏಪ್ರನ್‌ಗೆ ಒರೆಸಿ, ಜೇಬಿನಿಂದ ಅಡುಗೆಮನೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟಳು.

"ಸೌಟು ನನ್ನ ಕೈಲಿದ್ರೆ ಇರ್ತೀನಿ. ಇಲ್ಲ ಅಂದ್ರೆ ಇದನ್ನ ತಗೊಂಡ್ಹೋಗು."

ವೆಸ್ಕಾ ಕೀಲಿ ಮುಟ್ಟಲಿಲ್ಲ. ಹೊರಗೆ ಬಂದಾಗ ಅಷ್ಟು ಚಳಿಯಲ್ಲೂ ಅವಳ ಕಿವಿಗಳೆರಡೂ ಕಾದ ಕಾವಲಿಯ ಹಾಗೆ ಸುಡುತ್ತಿದ್ದವು.

ಬುಧವಾರ ಸಂಜೆ ಹೆಡ್‌ಮಾಸ್ಟರು ಶಾಲೆಯ ವ್ಯಾಯಾಮದ ಕೋಣೆಯಲ್ಲಿ ಸಭೆ ಕರೆದರು. ಮೇಲೂರಿನವರು ಮುಂದಿನ ಬೆಂಚುಗಳಲ್ಲಿ ಕೂತರು. ಕೆಳಕೇರಿಯವರು ಕೂರಲಿಲ್ಲ, ಹಿಂದಿನ ಗೋಡೆಗೆ ಒರಗಿ ನಿಂತರು. ಅವರ ನಡುವೆ ಫಿದಾಂಕಾಳ ಗಂಡ ಅಂಗೆಲ್ ಕೈಕಟ್ಟಿಕೊಂಡಿದ್ದ.

ಮೊದಲು ಎದ್ದವನು ದಿಮ್ಚೊ. "ನಾನು ಅಂಗಡಿಯೋನು, ನನ್ನ ಹೊಟ್ಟೆಪಾಡಿಗೆ ಮಾತಾಡ್ತೀನಿ ಅಂತ ನೀವು ಅನ್ಬಹುದು," ಅಂದ. "ಅದಲ್ಲ. ನನಗೂ ಮಗ ಇದ್ದಾನೆ. ಯಾವ ಮನೇಲಿ ಹೇಗೆ ಕೈ ತೊಳೀತಾರೆ ಅಂತ ನಮಗೆ ಗೊತ್ತಿಲ್ವಾ? ನಾನು ಹೇಳೋದಲ್ಲ, ಊರು ಹೇಳ್ತಿದೆ."

"ಊರು ಅಂದ್ರೆ ಯಾರು ದಿಮ್ಚೊ? ಹೆಸರು ಹೇಳು," ಅಂತ ಹಿಂದಿನಿಂದ ಒಂದು ಹೆಣ್ಣು ಧ್ವನಿ ಬಂತು.

"ನಾನು ಹೇಳಿದ್ದೀನಿ. ಏನಾಯ್ತೀಗ?" ಎಂದು ಮುಂದಿನ ಬೆಂಚಿನಿಂದ ಎದ್ದವಳು ಅಂಚೆ ಕಚೇರಿಯ ಯೊರ್ದಾಂಕಾ. ಮೂರು ಗಂಡುಮಕ್ಕಳ ತಾಯಿ. ನಾಲಿಗೆಗೆ ಎಲುಬಿಲ್ಲ ಅಂತ ಊರೇ ಹೆದರುವ ಹೆಂಗಸು. "ನನ್ನ ಮಕ್ಕಳ ಹೊಟ್ಟೆಗೆ ಏನು ಹೋಗುತ್ತೆ ಅಂತ ಕೇಳೋ ಹಕ್ಕು ನಂಗಿಲ್ವಾ?"

ಗದ್ದಲ ಎದ್ದಿತು. ಕ್ರಾಸಿ ಎದ್ದು, ಎಲ್ಲರಿಗೂ ಒಪ್ಪಿಗೆಯಾಗುವ ದಾರಿಯೊಂದಿದೆ ಎಂದು ತನ್ನ ಮಾತನ್ನು ಮುಂದಿಟ್ಟಳು: ಫಿದಾಂಕಾ ಒಳಗೆ, ತಾನು ಕಿಟಕಿಯಲ್ಲಿ. ಮುಂದಿನ ಬೆಂಚುಗಳಲ್ಲಿ ತಲೆಗಳು ಆಡಿದವು. ಹಾಗಾದರೆ ಸರಿ, ಹಾಗಾದರೆ ನೋಡೋಣ ಎಂಬ ಗುಜುಗುಜು.

ಅಂಗೆಲ್ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ಹಾಗಾದ್ರೆ ನಮ್ಮ ಮಕ್ಕಳೂ ನಾಳೆ ಬರಲ್ಲ," ಅಂದ. "ಒಬ್ಬರೂ ಬರಲ್ಲ. ಖಾಲಿ ಕುರ್ಚಿ ಎಣಿಸ್ಕೊಂಡು ಹೋಗ್ಲಿ ನಿಮ್ಮ ಅಧಿಕಾರಿ."

ಆ ಮಕ್ಕಳೂ ಬರದಿದ್ದರೆ ಎಲ್ಲ ಮುಗಿದ ಹಾಗೆಯೇ. ಎಲ್ಲರೂ ಅವಳ ಕಡೆ ತಿರುಗಿದರು. ಕ್ರಾಸಿ ಕಣ್ಣಲ್ಲೇ ಬೇಡುತ್ತಿದ್ದಳು: ಒಪ್ಪಿಕೋ, ಮಾರಾಯ್ತಿ.

ವೆಸ್ಕಾ ಎದ್ದು ನಿಂತಳು. ಭಾಷಣ ಮಾಡಿ ಗೊತ್ತಿದ್ದವಳಲ್ಲ, ಮುಂದಿನ ಬೆಂಚು ಹಿಡಿದುಕೊಂಡೇ ಮಾತಾಡಿದಳು.

"ಫಿದಾಂಕಾ ಕಿಟಕೀಲೇ ನಿಲ್ತಾಳೆ. ಅದು ಆಗಲ್ಲ ಅನ್ನೋದಾದ್ರೆ ಅಡುಗೆಮನೆಗೆ ನಾನೇ ಬೀಗ ಹಾಕ್ತೀನಿ. ನನ್ನ ಮಗಳಿಗೋಸ್ಕರ ತಾನೇ ಇದನ್ನ ಶುರು ಮಾಡಿದ್ದು? ಇನ್ನೊಬ್ಬರ ಮಗಳ ಎದುರು ಅವಳ ತಾಯೀನ ಬಚ್ಚಿಟ್ಟು ನನ್ನ ಮಗಳಿಗೆ ಬಿಸಿ ಊಟ ಬೇಡ. ಯಾರಿಗೆ ಅನುಮಾನ ಇದೆಯೋ ಅವರು ಬೆಳಗ್ಗೆ ಬನ್ನಿ. ಕೈ ಹೇಗೆ ತೊಳೀತಾಳೆ, ಕಾಳು ಹೇಗೆ ತೊಳೀತಾಳೆ, ನಿಂತು ನೋಡಿ."

"ನಾನೇನು ಸರಪಳಿ ಕಟ್ಟಿದ ಕರಡಿಯಾ, ಬಂದು ನೋಡೋಕೆ?"

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಫಿದಾಂಕಾ ನಿಂತಿದ್ದಳು, ಇನ್ನೂ ಬಿಳಿ ಕೋಟಿನಲ್ಲೇ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನೋಡೋಕೆ ಬರೋರಿಗೆ ನನ್ನಲ್ಲಿ ಜಾಗ ಇಲ್ಲ," ಅಂದಳು. "ಬರೋದಾದ್ರೆ ಚಾಕು ತಗೊಂಡು ಬನ್ನಿ."

ಮುಂದಿನ ಬೆಂಚಿನ ಗಂಡಸೊಬ್ಬ ಅರ್ಧ ಎದ್ದೇಬಿಟ್ಟ.

"ಕ್ಯಾರೆಟ್ ಹೆಚ್ಚೋಕೆ," ಅಂದಳು ಫಿದಾಂಕಾ. "ಒಂದು ಮೂಟೆ ಇದೆ."

ಹಿಂದಿನ ಗೋಡೆಯ ಬಳಿ ಯಾರೋ ಕಿಸಕ್ಕೆಂದರು. ಮುಂದೆ ಯಾರೂ ನಗಲಿಲ್ಲ. ಸಭೆ ಯಾವ ತೀರ್ಮಾನವೂ ಇಲ್ಲದೆ ಚದುರಿತು. ಕ್ರಾಸಿ ವೆಸ್ಕಾಳ ಪಕ್ಕದಲ್ಲೇ ಹಾದುಹೋದಳು. "ಎಲ್ಲಾ ಹಾಳು ಮಾಡ್ಕೊಂಡೆ ನೀನು," ಅಂದಳು, ನಿಲ್ಲದೆ.

ಗುರುವಾರ ಬೆಳಗ್ಗೆ ಮಂಜು ಬೆರೆತ ಮಳೆ ಹನಿಯುತ್ತಿತ್ತು. ವೆಸ್ಕಾ ಫ್ಯಾಕ್ಟರಿಗೆ ರಜೆ ಹೇಳಿ ಬಂದು ಹಾಲ್‌ನ ಮೇಜುಗಳನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆರೋಗ್ಯ ಕಾರ್ಡು ಇಲ್ಲದವರು ಅಡುಗೆ ನಡೆಯುವಾಗ ಅಡುಗೆಮನೆಯೊಳಗೆ ಕಾಲಿಡುವ ಹಾಗಿರಲಿಲ್ಲ. ಅದಕ್ಕೆ ಹೆಚ್ಚುವ ಕೆಲಸಕ್ಕೆಂದು ಹಾಲ್‌ನಲ್ಲೇ ಮಣೆಗಳನ್ನು ಜೋಡಿಸಿದ್ದಳು. ಯಾರೂ ಬರಲಿಲ್ಲ. ಒಳಗೆ ಫಿದಾಂಕಾ ಈರುಳ್ಳಿ ಹುರಿಯುವ ಸದ್ದು, ಹೊರಗೆ ಸೂರಿನ ನೀರಿನ ಸದ್ದು.

ಬಾಗಿಲು ದೂಡಿಕೊಂಡು ಬಂದವಳು ಯೊರ್ದಾಂಕಾ. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಚಾಕು.

"ನಂಬ್ಕೊಂಡೇನೂ ಬಂದಿಲ್ಲ," ಅಂದಳು. "ನೋಡೋಕೆ ಬಂದೆ."

ಕಿಟಕಿಯಿಂದ ಫಿದಾಂಕಾ ಇಣುಕಿದಳು. "ನೋಡೋಕೆ ಜಾಗ ಇಲ್ಲ ಅಂದಿದ್ದೆ. ಕೈ ತೊಳ್ಕೊ, ಉಂಗುರ ಬಿಚ್ಚು. ಕ್ಯಾರೆಟ್ ಅಲ್ಲಿದೆ."

ಯೊರ್ದಾಂಕಾಳ ಮುಖ ಕೆಂಪಾಯಿತು. ತಿರುಗಿ ಹೊರಟೇಬಿಡುತ್ತಾಳೆ ಅಂದುಕೊಂಡಳು ವೆಸ್ಕಾ. ಆಕೆ ನಲ್ಲಿಯ ಹತ್ತಿರ ಹೋಗಿ, ಯಾರಿಗೋ ಬಡಿಯುವವಳ ಹಾಗೆ ರಪರಪ ಕೈ ತೊಳೆದಳು. ಅವಳನ್ನು ಹಿಂಬಾಲಿಸಿಯೇ ಬಂದಿದ್ದರೇನೋ, ಮೇಲೂರಿನ ಇನ್ನೂ ಒಂದಿಷ್ಟು ಹೆಂಗಸರು ಕೊಡೆ ಮಡಚುತ್ತ ಒಳಬಂದರು. ಆಮೇಲೆ ಕೆಳಕೇರಿಯ ಹೆಂಗಸರು ಬಂದರು. ಮೇಲೂರಿನವರು ಕಿಟಕಿಯ ಕಡೆಯ ಮೇಜು ಹಿಡಿದರು, ಕೆಳಕೇರಿಯವರು ಬಾಗಿಲ ಕಡೆಯ ಮೇಜು. ನಡುವೆ ಒಂದು ಗಾಡಿ ಹಾಯುವಷ್ಟು ಜಾಗ. ಚಾಕುಗಳ ಟಕಟಕ ಮಾತ್ರ.

ಫಿದಾಂಕಾ ಹೊರಗೆ ಬಂದು ಎರಡೂ ಮೇಜಿನ ಮೇಲೆ ಕಣ್ಣಾಡಿಸಿದಳು.

"ಇದೇನು ಕ್ಯಾರೆಟ್ಟಾ, ಸೌದೆಯಾ?" ಎಂದು ಯೊರ್ದಾಂಕಾಳ ಮಣೆ ತೋರಿಸಿದಳು. ಆಮೇಲೆ ತನ್ನ ನಾದಿನಿಯ ಕಡೆ ತಿರುಗಿ, "ನಿಂದು ಇನ್ನೂ ಚೆಂದ. ಪಾಲಕ್ ಬೇರಲ್ಲೇ ಇದೆ ಹೊಲದ ಮಣ್ಣು. ಮಕ್ಕಳಿಗೆ ಹಲ್ಲುಜ್ಜೋಕೆ ಇಟ್ಟಿದ್ದೀಯಾ?" ಅಂದಳು. ಬೈಗುಳ ಎರಡೂ ಕಡೆಗೆ ಸಮನಾಗಿ ಬಿದ್ದದ್ದರಿಂದಲೋ ಏನೋ, ಯಾರೂ ತಿರುಗಿ ಮಾತಾಡಲಿಲ್ಲ.

ಅಧಿಕಾರಿ ಪೆಂಚೆವಾ ಹೇಳಿದ್ದಕ್ಕಿಂತ ಮೊದಲೇ ಬಂದರು. ತೆಳ್ಳಗಿನ, ನಗದ ಹೆಂಗಸು. ಫ್ರಿಜ್ ತೆರೆದು ನೋಡಿದರು, ಬೆರಳಿನಿಂದ ಒಲೆಯ ಅಂಚು ಸವರಿದರು, ಫಿದಾಂಕಾಳ ಕಾರ್ಡು ಬೆಳಕಿಗೆ ಹಿಡಿದು ಓದಿದರು. ಅಷ್ಟರಲ್ಲಿ ಹಾಲ್‌ನಿಂದ ಒಂದು ಚೀತ್ಕಾರ. ಯೊರ್ದಾಂಕಾ ಬೆರಳು ಕೊಯ್ದುಕೊಂಡಿದ್ದಳು. ಮಣೆಯ ಮೇಲೆ, ಅರ್ಧ ಮೂಟೆಯಷ್ಟು ಹೆಚ್ಚಿಟ್ಟ ಕ್ಯಾರೆಟ್ಟಿನ ಅಂಚಿಗೆ, ಎರಡು ಮೂರು ಹನಿ ರಕ್ತ.

ಚಾಕುಗಳೆಲ್ಲ ನಿಂತವು. ಪೆಂಚೆವಾ ಬಾಗಿಲಿಗೆ ಬಂದು ನಿಂತರು. ಎಲ್ಲ ಇಲ್ಲಿಗೇ ಮುಗಿಯಿತು ಅನ್ನಿಸಿತು ವೆಸ್ಕಾಳಿಗೆ.

ಫಿದಾಂಕಾ ಔಷಧಿ ಪೆಟ್ಟಿಗೆ ತಂದು, ಕೈಗವಸು ಹಾಕಿ, ಯೊರ್ದಾಂಕಾಳ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಬಟ್ಟೆ ಸುತ್ತಿದಳು. ಆಮೇಲೆ ಬಂದು ಆ ಮೇಜಿನ ಮೇಲಿದ್ದ ಕ್ಯಾರೆಟ್ಟನ್ನೆಲ್ಲ ಮಣೆ ಸಮೇತ ಎತ್ತಿ ಕಸದ ಡಬ್ಬಕ್ಕೆ ಸುರಿದಳು.

"ಅಷ್ಟೂ ಎಸೀತೀಯಾ?" ಅಂದಳು ಯೊರ್ದಾಂಕಾ. "ಎರಡು ಹನಿ ಕಣೇ! ಬೆಳಗ್ಗಿಂದ ಹೆಚ್ಚಿದ್ದೀನಿ!"

"ಮಕ್ಕಳ ಊಟ," ಅಂದಳು ಫಿದಾಂಕಾ. "ಇನ್ನರ್ಧ ಮೂಟೆ ಇದೆ. ಹೊತ್ತಿಲ್ಲ. ಎಲ್ಲರೂ ಒಂದೇ ಮೇಜಿಗೆ ಬನ್ನಿ. ಇದನ್ನ ಉಜ್ಜಬೇಕು."

ಆ ಮೇಜು ಉಜ್ಜುವವರೆಗೆ ಮೇಲೂರಿನ ಹೆಂಗಸರಿಗೆ ನಿಲ್ಲಲು ಬೇರೆ ಜಾಗವಿರಲಿಲ್ಲ. ಬಾಗಿಲ ಕಡೆಯ ಮೇಜಿನ ಸುತ್ತ ಒತ್ತೊತ್ತಾಗಿ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಿಂತು ಹೆಚ್ಚಿದರು. ಬಟ್ಟೆ ಸುತ್ತಿದ ಬೆರಳಿನ ಮೇಲೆ ಕೈಗವಸು ಎಳೆದುಕೊಂಡು ಯೊರ್ದಾಂಕಾಳೂ ಸೇರಿಕೊಂಡಳು. ಪೆಂಚೆವಾ ಬಾಗಿಲಲ್ಲೇ ನಿಂತು ನೋಡಿದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

ಗಂಟೆ ಹೊಡೆಯಿತು. ಮಳೆ ನಿಂತಿತ್ತು. ಶಾಲೆಯ ಗೇಟಿನಲ್ಲಿ ಅಂಗೆಲ್ ಕೈಕಟ್ಟಿಕೊಂಡು ನಿಂತಿದ್ದ. ಕೆಳಕೇರಿಯ ಮಕ್ಕಳು ಅವನ ಮುಖ ನೋಡುತ್ತ ಅಂಗಳದಲ್ಲಿ ಗುಂಪುಗೂಡಿದ್ದರು. ತೆರೆದ ಬಾಗಿಲಿನಾಚೆ ಹೆಂಡತಿ ಕಿಟಕಿಯಲ್ಲಿ ಸೌಟು ಹಿಡಿದು ನಿಂತದ್ದನ್ನು ಅವನು ನೋಡಿದ. ಸ್ವಲ್ಪ ಹೊತ್ತು ನೋಡಿ, ಮಗಳ ಬೆನ್ನು ತಟ್ಟಿ ಒಳಗೆ ಕಳಿಸಿದ. ಉಳಿದವರೂ ನುಗ್ಗಿದರು.

ಆದರೆ ಅಷ್ಟು ಸಾಲದು. ಗೋಡೆಯ ಮೇಲೆ ಮೇಲೂರಿನ ಸಾಲು ಹಾಗೆಯೇ ಇತ್ತು. ದಿಮ್ಚೊ ಅಂದು ಒಂದು ವೇಫರಿಗೆ ಇನ್ನೊಂದು ಬಿಟ್ಟಿ ಕೊಡುತ್ತಿದ್ದ. ಪೆಂಚೆವಾ ಹಾಲ್‌ನ ಮೂಲೆಯಲ್ಲಿ ಪೆನ್ನು ಬಿಚ್ಚಿದರು.

ಬೆರಳಿಗೆ ಬಟ್ಟೆ ಸುತ್ತಿಕೊಂಡ ಯೊರ್ದಾಂಕಾ ಬಾಗಿಲಿಗೆ ಬಂದು ಹೊರಗೆ ನೋಡಿದಳು. ತನ್ನ ಮೂರೂ ಗಂಡುಮಕ್ಕಳು ಕಾಲಾಡಿಸುತ್ತ ಚಿಪ್ಸ್ ಮೆಲ್ಲುತ್ತಿದ್ದದ್ದು ಕಂಡಿತು. ಅವಳ ಮೂಗಿನ ಹೊಳ್ಳೆ ಅರಳಿತು.

"ಏ!" ಅಂಗಳಕ್ಕೆ ಅಂಗಳವೇ ಬೆಚ್ಚಿತು. "ಬೆಳಗ್ಗಿಂದ ಬೆರಳು ಕೊಯ್ಕೊಂಡು ಹೆಚ್ಚಿದ್ದೀನಿ, ನೀವಿಲ್ಲಿ ಪ್ಲಾಸ್ಟಿಕ್ ನೆಕ್ತಾ ಕೂತಿದ್ದೀರಾ? ಇಳೀರಿ ಕೆಳಗೆ! ನಾನು ಹೆಚ್ಚಿದ ಕ್ಯಾರೆಟ್ ಒಂದು ಚೂರು ತಟ್ಟೇಲಿ ಉಳೀಲಿ, ಆಮೇಲೆ ಇದೆ ನಿಮಗೆ!"

ಮೂವರೂ ದುಡುದುಡು ಇಳಿದರು. ಅವಳ ಹಿಂದೆಯೇ ಇನ್ನೊಬ್ಬಳು ಹೊರಗೆ ಬಂದು ಮಗನ ಹೆಸರು ಹಿಡಿದು ಕೂಗಿದಳು, ಮತ್ತೊಬ್ಬಳು ಮಗಳನ್ನು. ಯಾರ ಕೈ, ಯಾವ ಕೇರಿ ಅನ್ನುವ ಮಾತೇ ಅಲ್ಲಿ ಬರಲಿಲ್ಲ. ತಾವು ಹೆಚ್ಚಿದ್ದನ್ನು ತಮ್ಮ ಮಕ್ಕಳೇ ಬಿಟ್ಟು ಕೂತಿದ್ದಾರಲ್ಲ ಅನ್ನುವ ಸಿಟ್ಟು ಅಷ್ಟೇ.

ಕಿಟಕಿಯ ಮುಂದೆ ಯೊರ್ದಾಂಕಾಳ ಹಿರಿಯ ಮಗ ಬಟ್ಟಲು ಹಿಡಿದು ನಿಂತ. ಹಿಂದೆ ಇಡೀ ಸಾಲು ನಿಂತು ನೋಡುತ್ತಿತ್ತು. ಫಿದಾಂಕಾಳ ಸೌಟು ಗಾಳಿಯಲ್ಲೇ ನಿಂತಿತು. ಹುಡುಗ ಸಾರನ್ನು ನೋಡಿದ, ಅವಳನ್ನು ನೋಡಿದ.

"ಪುದೀನ ಬೇಡ," ಅಂದ.

"ಪುದೀನ ಆರಿಸಿ ಆರಿಸಿ ತೆಗೆಯೋಕೆ ನಾನು ನಿಮ್ಮಜ್ಜಿಯಾ? ಹಿಡಿ ಸರಿಯಾಗಿ, ಚೆಲ್ಲುತ್ತೆ."

ಹುಡುಗ ಹಿಡಿದ. ಸಾಲು ಮುಂದೆ ಸರಿಯಿತು.

ವೆಸ್ಕಾ ಬಾಗಿಲಿಗೆ ಬಂದಳು. ಗೋಡೆಯ ಮೇಲೆ ಇನ್ನೂ ಕೆಲವರು ಉಳಿದಿದ್ದರು: ದಿಮ್ಚೊನ ಮಗ, ಕ್ರಾಸಿಯ ಮಗಳು, ಅವಳ ಪಕ್ಕದಲ್ಲಿ ಗೆಳತಿ ರಾಯಾ. ಯೊರ್ದಾಂಕಾಳ ಹಾಗೆ ಕೂಗಿಬಿಡಲೇ ಅನ್ನಿಸಿತು. ಬಾಯಿ ತೆರೆದಳು ಕೂಡ. ರಾಯಾ ತಲೆ ಅಲ್ಲಾಡಿಸಿದಳು, ಬೇಡ ಅನ್ನುವ ಹಾಗೆ, ಕಣ್ಣು ತುಂಬಿತ್ತು. ಇಳಿದರೆ ಗೆಳತಿಯನ್ನು ಕಳೆದುಕೊಳ್ಳುತ್ತಾಳೆ, ಇಳಿಯದಿದ್ದರೆ ಅಮ್ಮನನ್ನು ಸೋಲಿಸುತ್ತಾಳೆ. ಆ ವಯಸ್ಸಿನ ಹುಡುಗಿ ಎಷ್ಟು ಅಂತ ತೂಗಿ ನೋಡಬೇಕು? ವೆಸ್ಕಾ ಕೂಗಲಿಲ್ಲ. ಒಳಗೆ ಹೋಗಿ ಬ್ರೆಡ್ಡಿನ ಬುಟ್ಟಿ ಎತ್ತಿಕೊಂಡಳು.

ಪೆಂಚೆವಾ ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ತಾವೂ ಒಂದು ಬಟ್ಟಲು ತೆಗೆದುಕೊಂಡು ಸಾಲಿನ ಕೊನೆಗೆ ನಿಂತು, ಸಾರು ಹಾಕಿಸಿಕೊಂಡು, ಮಕ್ಕಳ ಮೇಜಿನ ತುದಿಯಲ್ಲಿ ಕೂತು ಪೂರ್ತಿ ಉಂಡರು.

"ಅರ್ಧಕ್ಕಿಂತ ಹೆಚ್ಚಿದೆ," ಅಂದರು ಎದ್ದು ಹೋಗುವಾಗ. "ಬಹಳವೇನಿಲ್ಲ. ಆದರೂ ಹೆಚ್ಚಿದೆ."

ಅಡುಗೆಮನೆ ಉಳಿಯಿತು. ಹಾಗಂತ ಊರೇನೂ ಬದಲಾಗಲಿಲ್ಲ. ಕೆಲವು ಮನೆಗಳ ಮಕ್ಕಳು ಆ ಹಾಲ್‌ಗೆ ಕಡೆಗೂ ಕಾಲಿಡಲಿಲ್ಲ. ದಿಮ್ಚೊನ ಅಂಗಡಿ ನಡೆಯುತ್ತಲೇ ಇತ್ತು. ಕ್ರಾಸಿ ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದಳು. ಅದು ವೆಸ್ಕಾಳನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ತರಕಾರಿ ಹೆಚ್ಚುವ ಹೆಂಗಸರ ಗುಂಪು ಒಮ್ಮೆ ಹಿಗ್ಗುತ್ತಿತ್ತು, ಒಮ್ಮೆ ಕುಗ್ಗುತ್ತಿತ್ತು. ಯೊರ್ದಾಂಕಾ ಮಾತ್ರ ತಪ್ಪಿಸಲಿಲ್ಲ. ಉಪ್ಪು ಕಡಮೆ ಎಂದು ಪ್ರತಿ ಸಲವೂ ಜಗಳ ತೆಗೆಯುತ್ತಿದ್ದಳು, ಫಿದಾಂಕಾ ಪ್ರತಿ ಸಲವೂ ಬೈದು ಕೂರಿಸುತ್ತಿದ್ದಳು.

ಒಂದು ದಿನ ಎಲ್ಲರೂ ಹೋದ ಮೇಲೆ ವೆಸ್ಕಾ, "ಆ ಸೋಮವಾರ ನಾನು ಹೇಳಿದ್ದು..." ಎಂದು ಶುರು ಮಾಡಿದಳು.

"ಮರೆತಿಲ್ಲ," ಅಂದಳು ಫಿದಾಂಕಾ. "ಸಭೇಲಿ ನೀನು ಹೇಳಿದ್ದನ್ನೂ ಮರೆತಿಲ್ಲ. ಎರಡೂ ಇರ್ಲಿ. ಈಗ ಹಂಡೆಯ ಆ ಕಿವಿ ಹಿಡ್ಕೊ, ಭಾರ ಇದೆ."

ಈಸ್ಟರ್ ಕಳೆದು ಮರಗಳೆಲ್ಲ ಚಿಗುರಿದ ಮೇಲೆ, ಯಾರೂ ಕರೆಯದೆಯೇ ರಾಯಾ ಬಂದು ಸಾಲಿನಲ್ಲಿ ನಿಂತಳು, ಒಬ್ಬಳೇ. ವೆಸ್ಕಾ ಅಂದು ಮಧ್ಯಾಹ್ನದ ಬಿಡುವಿನಲ್ಲಿ ಬಟ್ಟಲು ಜೋಡಿಸಲು ಬಂದಿದ್ದಳು. ನೋಡಿಯೂ ನೋಡದವಳ ಹಾಗೆ ಬೆನ್ನು ತಿರುಗಿಸಿ ನಿಂತಳು.

"ಪಾಲಕ್ ಜೊತೆ ಮೊಸರು ಇದ್ಯಾ?" ರಾಯಾಳ ಸಣ್ಣ ಧ್ವನಿ ಕೇಳಿತು.

"ಇದೆ," ಅಂದಳು ಫಿದಾಂಕಾ. "ತಟ್ಟೆ ಹತ್ತಿರ ತಾ."